ಪ್ಲೇಆಫ್ ಸೋಲಿನ ನಂತರ ಡೆಟ್ರಾಯಿಟ್ ಲಯನ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡವನ್ನು ಮತ್ತೆ ಕಟ್ಟುವುದು ಕಷ್ಟ ಅಂತ ಅಭಿಮಾನಿಗಳಿಗೆ ಯಾಕೆ ಅನಿಸಿತು?

2024ರ ಸೀಸನ್‌ನಲ್ಲಿ ಲಯನ್ಸ್ 17ರಲ್ಲಿ 15 ಪಂದ್ಯ ಗೆದ್ದಿತ್ತು. ಆದರೆ 2025ರ ಜನವರಿಯಲ್ಲಿ, ಸೋತವರು ಹೊರಬೀಳುವ ಪ್ಲೇಆಫ್ ಹಂತದಲ್ಲಿ, ತವರು ಮೈದಾನದಲ್ಲೇ ವಾಷಿಂಗ್ಟನ್ ಕಮಾಂಡರ್ಸ್ ಎದುರು 31–45ರಿಂದ ಸೋತಿತು. ಐದು ಸಲ ಚೆಂಡು ಎದುರಾಳಿಗೆ ಕೊಟ್ಟರೆ ಗೆಲ್ಲೋದು ಹೇಗೆ? ನಾಲ್ಕನೇ ಕ್ವಾರ್ಟರ್‌ನಲ್ಲಿ ಪಾಸ್ ಹಿಡಿಯುವುದೇ ಕೆಲಸವಾದ ರಿಸೀವರ್ ಜೇಮ್ಸನ್ ವಿಲಿಯಮ್ಸ್ ಕೈಯಲ್ಲಿ ಪಾಸ್ ಎಸೆಸಿದ್ದು, ಅದೂ ಎದುರಾಳಿ ಪಾಲಾಗಿದ್ದು ಇನ್ನೂ ಸಂಕಟ ಆಗುತ್ತದೆ.

ನಿಜವಾದ ಪೆಟ್ಟು ಆಮೇಲೆ ಬಿತ್ತು. ಆಕ್ರಮಣ ನೋಡಿಕೊಳ್ಳುತ್ತಿದ್ದ ಕೋಚ್ ಬೆನ್ ಜಾನ್ಸನ್ ಶಿಕಾಗೊ ಬೇರ್ಸ್‌ಗೆ, ರಕ್ಷಣೆ ನೋಡುತ್ತಿದ್ದ ಆರನ್ ಗ್ಲೆನ್ ನ್ಯೂಯಾರ್ಕ್ ಜೆಟ್ಸ್‌ಗೆ ಮುಖ್ಯ ಕೋಚ್ ಆಗಿ ಹೋದರು. ಚೆನ್ನಾಗಿ ಆಡಿದ ತಂಡಕ್ಕೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಸರದಿಯೂ ತಡ, 28ನೆಯದು. ಆಟಗಾರರು ಮಾತ್ರ ಬಹುತೇಕ ಉಳಿದರು. ಅಕ್ಟೋಬರ್‌ನಲ್ಲೇ ಕಾಲು ಮುರಿದುಕೊಂಡಿದ್ದ ರಕ್ಷಣಾ ಆಟಗಾರ ಏಡನ್ ಹಚಿನ್ಸನ್ ವಾಪಸ್ ಬರುವುದೇ ನನಗೆ ಎಲ್ಲಕ್ಕಿಂತ ದೊಡ್ಡ ಭರವಸೆ ಅನಿಸಿತ್ತು.