ವೇಲ್ಸ್ ಸಂಸ್ಕೃತಿ ನೋಡಲು ಯಾವ ಹಳೇ ಬಂಗಲೆಗೆ ಹೋಗಬೇಕು?

ಬ್ರಿಸ್ಟಲ್‌ನಿಂದ ಒಂದೇ ದಿನದಲ್ಲಿ ಹೋಗಿಬರುವಂಥ ಜಮೀನ್ದಾರಿ ಬಂಗಲೆ ಕೇಳಿದ್ದೀರಿ. ನಾನೂ ಇದೇ ಆಸೆಯಿಂದ ಅವ್ವನನ್ನು ಕರಕೊಂಡು ಅಬರ್ಗವೆನಿ ಹತ್ತಿರದ ಲಾನೋವರ್ ಹಳ್ಳಿಗೆ ಹೋಗಿದ್ದೆ. ಅವಳು ಊರಿಗೆ ವಾಪಸಾಗಲು ಕೆಲವೇ ದಿನ ಉಳಿದಿತ್ತು.

ಅದು ಲೇಡಿ ಲಾನೋವರ್ (1802–1896) ಅವರ ಊರು. ವೆಲ್ಶ್ ಭಾಷೆ, ಉಡುಪು ಉಳಿಯಬೇಕೆಂದು ಪ್ರಬಂಧ ಬರೆದು 1834ರ ಕಾರ್ಡಿಫ್ ಐಸ್ಟೆದ್‌ವಡ್‌ನಲ್ಲಿ, ಅಂದರೆ ಕಾವ್ಯ-ಸಂಗೀತದ ಸ್ಪರ್ಧೋತ್ಸವದಲ್ಲಿ, ಬಹುಮಾನ ಗೆದ್ದಾಕೆ. ಮನೆಯಲ್ಲೇ ಹಾರ್ಪ್ ಎಂಬ ತಂತಿವಾದ್ಯದ ವಾದಕರನ್ನು ಇಟ್ಟು ಸಾಕಿದವರು.

ನಕ್ಷೆಯಲ್ಲಿ 'ಲಾನೋವರ್ ಹೌಸ್' ಕಂಡಿತು, ಅದೇ ಅವರ ಬಂಗಲೆ ಅಂದುಕೊಂಡೆ. ಅಲ್ಲ, ಅದು ಅವರ ತವರುಮನೆ. ಮದುವೆಯಾದ ಮೇಲೆ ಗಂಡ-ಹೆಂಡತಿ ಕಟ್ಟಿಸಿದ ಭಾರೀ ಬಂಗಲೆಯೇ ಬೇರೆ, ಅದನ್ನು 1930ರ ದಶಕದಲ್ಲೇ ಕೆಡವಿದ್ದಾರೆ. ತವರುಮನೆಯ ತೋಟಕ್ಕೋ ಗೊತ್ತುಮಾಡಿದ ದಿನಗಳಲ್ಲಷ್ಟೇ ಪ್ರವೇಶ. ನಾವು ಹೋದದ್ದು ಬೇರೆ ದಿನ. ಹೆಸರು ಹೊಂದಿತು ಅಂತ ಹೊರಟೆ. ಮನೆ ಒಂದೇ ಇತ್ತೋ ಎರಡೋ, ನಿಂತಿರುವುದು ಯಾವುದು, ಬಾಗಿಲು ತೆಗೆಯುವುದು ಯಾವತ್ತು, ಒಂದನ್ನೂ ವಿಚಾರಿಸಿರಲಿಲ್ಲ. ಮಂಡಿನೋವಿನ ಅವ್ವ ಮುಖ್ಯರಸ್ತೆ ಬದಿ ಬಸ್ಸಿಗೆ ಕಾದದ್ದೇ ಬಂತು.

ಅದಕ್ಕೇ ಹೇಳುತ್ತೇನೆ, ಬಂಗಲೆಯ ಆಸೆ ಬಿಡಿ. ಬಂಗಲೆ ಬಿದ್ದುಹೋದರೂ ಆಕೆ ದುಡ್ಡು ಹಾಕಿ ಕಾಪಾಡಿದ್ದು ಹೋಗಿಲ್ಲ. ಆಕೆ ಸಂಗ್ರಹಿಸಿದ ಹಸ್ತಪ್ರತಿಗಳು ಅಬರಿಸ್ಟ್‌ವಿತ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ತ್ರಿವಳಿ ಹಾರ್ಪ್ ಅಂತೂ ಇನ್ನೂ ನುಡಿಯುತ್ತಿದೆ. ಅದಕ್ಕೆ ತಂತಿಗಳ ಮೂರು ಸಾಲು. ಹೊರಗಿನ ಎರಡಕ್ಕೂ ಒಂದೇ ಶ್ರುತಿ, ಅರ್ಧಸ್ವರಗಳೆಲ್ಲ ನಡುಸಾಲಿನಲ್ಲಿ. ವಾದಕರು ಹೊರತಂತಿಗಳ ಸಂದಿನಲ್ಲಿ ಬೆರಳು ತೂರಿಸಿ ಅದನ್ನು ಮೀಟಬೇಕು. ಕಾಲಿನಿಂದ ಒತ್ತಿ ಶ್ರುತಿ ಬದಲಿಸುವ ಪೆಡಲ್ ಹಾರ್ಪ್ ಬಂದು ಇದು ಮೂಲೆ ಸೇರುತ್ತಿದ್ದಾಗ, ಸ್ಪರ್ಧೆಗಳಲ್ಲಿ ಗೆದ್ದವರಿಗೆ ಇದನ್ನೇ ಬಹುಮಾನವಾಗಿ ಕೊಡಿಸಿದವರು ಆಕೆ. ದೊಡ್ಡಮನೆಯವರು ದೊಡ್ಡವರಾಗುವುದು ಇಂಥದ್ದರಿಂದ. ಆಕೆ ವೆಲ್ಶ್ ಉಡುಪನ್ನು ತನ್ನ ರುಚಿಗೆ ತಿದ್ದಿದರು ಎನ್ನುವ ಟೀಕೆಯೂ ಇದೆ, ಇರಲಿ.

ನೀವು ಕಾರ್ಡಿಫ್ ಪಕ್ಕದ ಸೇಂಟ್ ಫಾಗನ್ಸ್‌ಗೆ ಹೋಗಿ. ಅದೂ ಒಬ್ಬ ಅರ್ಲ್, ಅಂದರೆ ಬಿರುದಾಂಕಿತ ಶ್ರೀಮಂತ, ಬಿಟ್ಟುಕೊಟ್ಟ ಕೋಟೆಮನೆಯ ಆವರಣವೇ, 1948ರಿಂದ ಮ್ಯೂಸಿಯಂ. ವೇಲ್ಸಿನ ಮೂಲೆಮೂಲೆಯಿಂದ ರೈತರ ಮನೆ, ಪ್ರಾರ್ಥನಾಮಂದಿರಗಳನ್ನು ಕಲ್ಲುಕಲ್ಲಾಗಿ ಬಿಚ್ಚಿ ತಂದು ಕಟ್ಟಿದ್ದಾರೆ. ಎಸ್ಗೈರ್ ಮೊಯಿಲ್ ಎಂಬ ಉಣ್ಣೆ ಗಿರಣಿಯೂ ಹಾಗೇ ಬಂದದ್ದು. ಗುಳೇದಗುಡ್ಡದಲ್ಲಿ ಮಗ್ಗದ ಸದ್ದಿನ ನಡುವೆಯೇ ಬೆಳೆದ ನನ್ನವ್ವನನ್ನು ಮೊದಲು ಕರೆದೊಯ್ಯಬೇಕಿದ್ದದ್ದು ಅಲ್ಲಿಗೆ.

ಪ್ರವೇಶ ಉಚಿತ, ಕಾರು ನಿಲ್ಲಿಸಲಷ್ಟೇ ದುಡ್ಡು. ನೇಕಾರರು ಅವತ್ತು ಇರುತ್ತಾರಾ ಅಂತ ಮುಂಚೆಯೇ ಕೇಳಿಕೊಂಡು ಹೊರಡಿ.