ಎಷ್ಟು ಆಳ ಅಂತ ಮೊದಲು ಹೇಳಿ

ನಮಸ್ಕಾರ,

ಪುಣೆಯಿಂದ ನೀವು ನಮ್ಮ ಪತ್ರಿಕೆಗೆ ಕಳಿಸಿದ "ಬೆಳಗುವ ಬಣ್ಣ, ಬಯಲಾಗುವ ದೇಹ" ಲೇಖನ ಓದಿದೆ. ಹಗಲೆಲ್ಲ ಲ್ಯಾಬಲ್ಲಿ ಮೈಕ್ರೋಸ್ಕೋಪ್ ಮುಂದೆ ಕೂತು ಬಂದು ರಾತ್ರಿ ಕನ್ನಡದಲ್ಲಿ ಬರೀತೀರಲ್ಲ, ಖುಷಿ ಆಯ್ತು. ಭಾಷೆ ಸಲೀಸಾಗಿದೆ. ಆದ್ರೆ ಮೊದಲನೇ ಪ್ಯಾರಾಕ್ಕೇ ನಂಗೆ ಸಿಟ್ಟು ಬಂತು, ಯಾಕೆ ಅಂತ ಹೇಳೇ ಬಿಡ್ತೀನಿ.

"ಫ್ಲೋರೊಸೆಂಟ್ ಬಣ್ಣಗಳ ನೆರವಿನಿಂದ ಇಂದು ದೇಹದ ಆಳದಲ್ಲಿರುವ ಕ್ಯಾನ್ಸರ್ ಕೋಶಗಳನ್ನೂ ಕತ್ತರಿ ಹಾಕದೆ ನೋಡಬಹುದಾಗಿದೆ" ಅಂದಿದ್ದೀರಿ. ಫ್ಲೋರೊಸೆಂಟ್ ಅಂದ್ರೆ ಮೇಲೆ ಬೆಳಕು ಬಿದ್ರೆ ತಾನೂ ಬೇರೆ ಬಣ್ಣದ ಬೆಳಕು ಹೊಮ್ಮಿಸೋದು, ಅದನ್ನಾದ್ರೂ ಹೇಳಬೇಕಿತ್ತು. ಎಷ್ಟು ಆಳ? ಇಡೀ ಲೇಖನದಲ್ಲಿ ಒಂದು ಅಂಕಿ ಇಲ್ಲ. ನಮ್ಮನ್ನ ಓದೋರು ಯಾರು ಅಂತ ಯೋಚನೆ ಮಾಡಿ. ಊರಿಂದ ಅಪ್ಪನ್ನೋ ಹೆಂಡತಿನೋ ಪರೇಲಿನ ಟಾಟಾ ಆಸ್ಪತ್ರೆಗೆ ಕರ್ಕೊಂಡು ಬಂದು, ಡೊಂಬಿವಿಲಿಲಿ ನೆಂಟರ ಮನೇಲಿ ಉಳ್ಕೊಂಡು, ರಿಪೋರ್ಟ್‌ಗೆ ಕಾಯ್ತಾ ಲೋಕಲ್‌ನಲ್ಲಿ ನಿಂತ್ಕೊಂಡೇ ಮೊಬೈಲಲ್ಲಿ ಓದೋರಿದ್ದಾರೆ. ಅವರು ನಾಳೆ ಡಾಕ್ಟರ್ ಹತ್ರ ಹೋಗಿ "ಬಯಾಪ್ಸಿ ಬೇಡ ಸಾರ್, ಬಣ್ಣ ಹಾಕಿ ನೋಡ್ಬಿಡಿ" ಅಂದ್ರೆ ಆ ಮಾತಿಗೆ ಹೊಣೆ ನೀವೂ ನಾನೂ. ಎರಡೆರಡು ಫೋಟಾನ್, ಅಂದ್ರೆ ಬೆಳಕಿನ ಕಣ, ಒಟ್ಟಿಗೆ ತಾಗಿಸಿ ಬಣ್ಣ ಬೆಳಗಿಸೋ ಟೂ-ಫೋಟಾನ್ ಮೈಕ್ರೋಸ್ಕೋಪಲ್ಲಿ ಇಲಿ ಮಿದುಳೊಳಗೆ ಇಳಿಯೋದು ಹೆಚ್ಚುಕಮ್ಮಿ ಒಂದು ಮಿಲಿಮೀಟರ್. ಒಂದು ಪದರದ ಬೆಳಕನ್ನ ಮಾತ್ರ ಆರಿಸ್ಕೊಳ್ಳೋ ಮಾಮೂಲಿ ಕಾನ್‌ಫೋಕಲ್ ಮೈಕ್ರೋಸ್ಕೋಪಲ್ಲಿ ಒಂದೆರಡು ನೂರು ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ದಾಟಿದ್ರೆ ಮಸುಕು. ಆಪರೇಷನ್ ಥಿಯೇಟರಲ್ಲಿ ಇಂಡೋಸಯನಿನ್ ಗ್ರೀನ್ ಅನ್ನೋ ಬಣ್ಣ ಚುಚ್ಚಿ ಕ್ಯಾಮೆರಾ ಹಿಡಿದ್ರೂ ಒಂದು ಸೆಂಟಿಮೀಟರ್ ಆಸುಪಾಸು, ಅದರಲ್ಲೂ ಕೋಶ ಕಾಣಲ್ಲ, ಹೊಳೆಯೋ ಮಚ್ಚೆ ಕಾಣುತ್ತೆ ಅಷ್ಟೇ. ಇದನ್ನ ಬರೆದ್ರೆ ನಿಮ್ಮ ವಿಷಯದ ತೂಕ ಕಮ್ಮಿ ಆಗಲ್ಲ, ಆ ಒಂದು ಮಿಲಿಮೀಟರ್‌ಗೆ ಎಷ್ಟು ಒದ್ದಾಟ ಅಂತ ಓದೋನಿಗೆ ಗೊತ್ತಾಗುತ್ತೆ.

ನಾನು ಕೆಲಸ ಕಲಿತದ್ದು ಮುಂಬೈ ಫೋರ್ಟ್ ಕಡೆಯ ಒಂದು ಕನ್ನಡ ಪ್ರೆಸ್ಸಲ್ಲಿ, ಒಂದೊಂದೇ ಅಕ್ಷರದ ಅಚ್ಚುಮೊಳೆ ಜೋಡಿಸೋ ಕಾಲ ಅದು, ಹಗಲು ಹೋಟೆಲ್ ಕ್ಯಾಶಲ್ಲಿ ಕೂತು, ನೈಟ್ ಸ್ಕೂಲ್ ಮುಗಿಸಿ ಪ್ರೂಫ್ ನೋಡೋಕೆ ಹೋಗ್ತಿದ್ದೆ. ಅಲ್ಲಿ ಮೊಳೆ ಜೋಡಿಸ್ತಿದ್ದ ಕಂಪೋಸಿಟರ್ ಕುಂದಾಪುರ ಕಡೆಯೋರು. ಜೋಡಿಸ್ತಾ ಜೋಡಿಸ್ತಾ ಕೈ ನಿಲ್ಲಿಸಿ "ಎಂತ ಮರಾಯಾ, ಡ್ಯಾಮ್ ದೊಡ್ಡದ್ ಅಂದ್ರೆ ಎಷ್ಟ್ ದೊಡ್ಡದ್?" ಅಂತ ಕೇಳಿದ್ರೆ ಸಾಕು, ನಮ್ಮ ಸಂಪಾದಕರು ಬರೆದವರ ಮನೆಗೆ ಆಳು ಕಳಿಸಿ ಉತ್ತರ ತರಿಸ್ತಿದ್ರು, ಬರೆದವರು ಎಂಥ ದೊಡ್ಡ ಪ್ರೊಫೆಸರೇ ಆಗಿರ್ಲಿ, ಪುಟ ಎಷ್ಟೇ ತಡ ಆಗ್ಲಿ. ಆ ಕಂಪೋಸಿಟರ್ ಕೇಳ್ತಿದ್ದ ಪ್ರಶ್ನೆಗಳಷ್ಟು ನಂಗೆ ಇನ್ಯಾರೂ ಕಲಿಸಿಲ್ಲ.

ಮುಂದಿನ ಸಾಲು, "ಬಣ್ಣ ಎಷ್ಟು ಪ್ರಖರವೋ ಅಷ್ಟು ಆಳಕ್ಕೆ ನೋಡಬಹುದು." ಹೊಳಪು ಬೇಕು ಸರಿ, ಆದ್ರೆ ಬೆಳಕು ಒಳಗೆ ಹೋಗಿ ಹೊರಗೆ ಬರಬೇಕಲ್ಲ? ರಾತ್ರಿ ದೀಪ ಆರಿಸಿ ಮೊಬೈಲ್ ಟಾರ್ಚ್ ಮೇಲೆ ಬೆರಳಿಡಿ ಅಂತ ಓದೋನಿಗೆ ಹೇಳಬಹುದಿತ್ತು. ಬಿಳಿ ಬೆಳಕು ಒಳಗೆ ಹೋಗುತ್ತೆ, ಹೊರಗೆ ಬರೋದು ಕೆಂಪು, ಯಾಕಂದ್ರೆ ನೀಲಿ ಹಸಿರನ್ನ ರಕ್ತದ ಹಿಮೋಗ್ಲೋಬಿನ್ ನುಂಗಿಬಿಡುತ್ತೆ. ಮೂಳೆಯ ಗೆರೆ ಮಾತ್ರ ಕಾಣಲ್ಲ, ಬಂದ ಕೆಂಪೂ ಅಡ್ಡಾದಿಡ್ಡಿ ಚದುರಿಕೊಂಡೇ ಬಂದಿರುತ್ತೆ. ನುಂಗೋದು, ಚದುರೋದು, ಈ ಎರಡನ್ನ ಹೇಳಿದ್ಮೇಲೆ ಬೆಳಕಿನ ಅಲೆಯ ಉದ್ದ 650ರಿಂದ 950 ನ್ಯಾನೋಮೀಟರ್ ಇರೋ ಕಡೆ, ಅಂದ್ರೆ ಕೆಂಪು ಮತ್ತು ಅದರಾಚೆಗೆ, ಕೆಲಸ ಮಾಡೋ ಬಣ್ಣ ಯಾಕೆ ಹುಡುಕ್ತಾರೆ ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಲ್ಲ.

"ಹಸಿರು ಬೆಳಕು ಸೂಸುವ ಇಂಡೋಸಯನಿನ್ ಗ್ರೀನ್." ಇದಂತೂ ತಪ್ಪೇ. ಶೀಶೆಯಲ್ಲಿ ಕಡು ಹಸಿರು ಹೌದು, ಆದ್ರೆ ರಕ್ತಕ್ಕೆ ಸೇರಿದ್ಮೇಲೆ ಅದು ಹೊಮ್ಮಿಸೋ ಬೆಳಕು 830 ನ್ಯಾನೋಮೀಟರ್ ಹತ್ರ, ಕೆಂಪಿನಾಚೆಗೆ, ಆ ಹೊಳಪು ಬರಿಗಣ್ಣಿಗೆ ಕಾಣೋದೇ ಇಲ್ಲ, ಸರ್ಜನ್ ಸ್ಕ್ರೀನ್ ನೋಡಬೇಕು. ಇಷ್ಟು ಚೆಂದದ ಸಂಗತಿ ಕೈಲಿಟ್ಕೊಂಡು ಹೀಗೆ ಬರೆದ್ರೆ ಹೊಟ್ಟೆ ಉರಿಯುತ್ತೆ.

ಆಮೇಲೆ "1990ರಲ್ಲಿ ಟೂ-ಫೋಟಾನ್ ಕ್ರಾಂತಿಯೇ ಮಾಡಿತು." ಏನು ಮಾಡಿತು? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಡೆಂಕ್, ಸ್ಟ್ರಿಕ್ಲರ್, ವೆಬ್ ಈ ಮೈಕ್ರೋಸ್ಕೋಪ್ ಹೇಗೆ ಮಾಡಿದ್ರು ಅಂತ ಹೇಳಿ. ಒಂದು ಅಣು ಎರಡು ಫೋಟಾನ್ ಒಟ್ಟಿಗೆ ಹೀರಬಹುದು ಅಂತ ಭೌತವಿಜ್ಞಾನಿ ಮರಿಯಾ ಗೋಪರ್ಟ್-ಮೇಯರ್ 1931ರಲ್ಲೇ ಕಾಗದದ ಮೇಲೆ ಲೆಕ್ಕ ಹಾಕಿಟ್ಟಿದ್ರು. ಒಂದೇ ಅಣುವಿಗೆ ಎರಡು ಫೋಟಾನ್ ಒಂದೇ ಗಳಿಗೆಗೆ ತಾಗಿದ್ರೆ ಮಾತ್ರ ಬಣ್ಣ ಬೆಳಗುತ್ತೆ, ಅಷ್ಟು ಸಂದಣಿ ಇರೋದು ಲೇಸರ್ ಫೋಕಸ್ ಆದ ಚುಕ್ಕೇಲಿ ಮಾತ್ರ, ಹಾಗಾಗಿ ವಾಪಸ್ ಬರೋ ಬೆಳಕು ಎಷ್ಟೇ ಚದುರಿದ್ರೂ ಹೊರಟಿದ್ದು ಅಲ್ಲಿಂದಲೇ ಅಂತ ಗೊತ್ತಿರುತ್ತೆ, ಸಿಕ್ಕಿದ್ದೆಲ್ಲ ಎಣಿಸ್ಕೋಬಹುದು. ಇದಕ್ಕೆ ಒಂದು ಪೂರ್ತಿ ಪುಟ ಕೊಡಿ, "ವಿಸ್ಮಯ", "ಮಾಯಾಲೋಕ" ಎಲ್ಲ ತೆಗೆದ್ರೆ ಜಾಗ ತಾನಾಗೇ ಸಿಗುತ್ತೆ.

ಉಳಿದ ಭಾಗದ ಮಾತು ಆಮೇಲೆ. ಇಷ್ಟನ್ನ ತಿದ್ದಿ ಕಳಿಸಿ, ದೀಪಾವಳಿ ಸಂಚಿಕೆಯಲ್ಲಿ ಜಾಗ ಇಟ್ಟಿರ್ತೀನಿ. ಚಿತ್ರಗಳ ಮೂಲೆಯಲ್ಲಿ ಅಳತೆ ತೋರಿಸೋ ಗೆರೆ, ಸ್ಕೇಲ್ ಬಾರ್, ಇರುತ್ತಲ್ಲ, ಅದನ್ನ ಕ್ರಾಪ್ ಮಾಡಿ ತೆಗೆದಿದ್ದೀರಿ, ವಾಪಸ್ ಹಾಕಿ.