ಮೊದಲು ಕೂಲಿ ಬಾಕಿ, ಆಮೇಲೆ ಕಾಣಿಕೆ ಕವರ್

ಈ ಸಲದ ಪತ್ರಗಳಲ್ಲೂ ಅದೇ ಭಯ: ದಶಮಾಂಶ ಕೊಡದಿದ್ದರೆ ಶಾಪ ತಟ್ಟುತ್ತಾ? ದಶಮಾಂಶ ಅಂದರೆ ಆದಾಯದ ಹತ್ತನೇ ಪಾಲನ್ನು ದೇವರಿಗೆ ಕೊಡುವುದು. ಅದನ್ನು ಸಂಡೇ ಸ್ಕೂಲ್‌ನಲ್ಲೇ ಕಲಿತಿದ್ದೀರಿ.

ಪ್ರಶ್ನೆ: ನಾನು ಕೋಲಾರ ತಾಲ್ಲೂಕಿನ ಟೊಮೆಟೊ ಬೆಳೆಗಾರ. ಎರಡು ವರ್ಷ ನಷ್ಟವಾಗಿ ಈ ಸಲ ಒಳ್ಳೆ ರೇಟು ಸಿಕ್ಕಿತು. ಮಂಡಿ ಬಿಲ್ಲಿನ ಪೂರ್ತಿ ಮೊತ್ತಕ್ಕೆ ಹತ್ತನೇ ಪಾಲು ಕೊಡದಿದ್ದರೆ ಬೈಬಲಿನ ಪ್ರವಾದಿ ಮಲಾಕಿಯನ ಶಾಪ, ಕೊಟ್ಟರೆ ನೂರರಷ್ಟು ವಾಪಸ್ ಅಂತ ಹೊರಗಿನಿಂದ ಬಂದ ಬೋಧಕರೊಬ್ಬರು ಹೇಳಿದರು. ಬೆಳೆ ಔಷಧಿ ಅಂಗಡಿ ಸಾಲ, ಕೂಲಿ ಬಾಕಿ ಇದೆ. ಅಮ್ಮನ ಕಣ್ಣಿನ ಆಪರೇಷನ್ ಮುಂದೂಡಿದ್ದೇನೆ. ಏನು ಮಾಡಲಿ?

ಉತ್ತರ: ಸಹೋದರರೇ, ಅವರು ನಿಮಗೆ ದಶಮಾಂಶ ತಂದರೆ ಆಶೀರ್ವಾದ ಸುರಿಸುತ್ತೇನೆ ಅನ್ನುವ ಮಲಾಕಿಯ 3:10 ಓದಿದರು. ಐದು ವಚನ ಹಿಂದಕ್ಕೆ ಹೋಗಲಿಲ್ಲ. 3:5ರಲ್ಲಿ ಕರ್ತರು ಯಾರ ವಿರುದ್ಧ ಸಾಕ್ಷಿಯಾಗಿ ನಿಲ್ಲುತ್ತಾರೆ ನೋಡಿ. ಕೂಲಿಯವರ ಸಂಬಳದಲ್ಲಿ ಮೋಸ ಮಾಡುವವರು, ವಿಧವೆಯರನ್ನೂ ಅನಾಥರನ್ನೂ ಹಿಂಸಿಸುವವರು ಆ ಸಾಲಿನಲ್ಲಿದ್ದಾರೆ. ನಿಮ್ಮ ತೋಟದಲ್ಲಿ ಹಣ್ಣು ಕಿತ್ತವರ ದುಡ್ಡು ಇನ್ನೂ ನಿಮ್ಮ ಹತ್ತಿರವೇ ಇದೆ. ಅದನ್ನು ಕವರಿಗೆ ಹಾಕಿದರೆ ಬೇರೆಯವರ ಹಣ ಕಾಣಿಕೆ ಕೊಟ್ಟ ಹಾಗೆ. ತಡೆಹಿಡಿದ ಕೂಲಿ ದೇವರಿಗೆ ಕೂಗುತ್ತದೆ ಅನ್ನುವ ಯಾಕೋಬ 5:4 ಕೂಡ ಓದಿ.

ಧರ್ಮೋಪದೇಶಕಾಂಡ 14ರಲ್ಲಿ ಹೊಲದ ಬೆಳೆಯೆಲ್ಲದರ ಹತ್ತನೇ ಪಾಲು ಅಂತಿದೆಯಲ್ಲ ಅಂತ ಯಾರಾದರೂ ವಾದಿಸುತ್ತಾರೆ. ಅದೇ ಅಧ್ಯಾಯದ ಕೊನೆಯನ್ನೂ ಓದಲಿ. ಮೂರನೇ ವರ್ಷದ ಪಾಲು ಸ್ವಂತ ಭೂಮಿಯಿಲ್ಲದ, ದೇವರ ಸೇವೆ ಮಾಡುವ ಕುಲದ ಲೇವಿಯರಿಗೆ, ಪರದೇಶಿಗಳಿಗೆ, ಅನಾಥರಿಗೆ, ವಿಧವೆಯರಿಗೆ ಹೋಗುತ್ತಿತ್ತು. ಆ ಕಾಲದ ರೈತರು ಸಾಲಕ್ಕೆ ನಾರು (ಸಸಿ), ಔಷಧಿ ತಂದು, ಬಾಡಿಗೆ, ಕಮಿಷನ್ ಕಟ್ಟಿ ಬೆಳೆದವರೂ ಅಲ್ಲ. ಈ ಖರ್ಚೆಲ್ಲ ಕಳೆದು ಉಳಿಯುವುದೇ ನಿಮ್ಮ ಆದಾಯ. ಇಲ್ಲದ್ದನ್ನು ದೇವರು ಕೇಳುವುದಿಲ್ಲ ಅಂತ ಪೌಲ 2 ಕೊರಿಂಥ 8:12ರಲ್ಲಿ ಬರೆದಿದ್ದಾನೆ.

ನೂರರಷ್ಟು ವಾಪಸ್ ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. 2023ರ ಜುಲೈನಲ್ಲಿ ನಮ್ಮ ಕೋಲಾರ ಮಾರ್ಕೆಟ್ಟಿನಲ್ಲಿ ಟೊಮೆಟೊ 15 ಕಿಲೋ ಬಾಕ್ಸ್ 2,000 ರೂಪಾಯಿ ದಾಟಿತ್ತು. ಬೇರೆ ಸಲ ರೇಟು ಬಿದ್ದು ಹಣ್ಣು ಸುರಿದು ಅತ್ತವರನ್ನೂ ಕಂಡಿದ್ದೇವೆ. ಅವರ ಪ್ರಾರ್ಥನೆ ಕಡಿಮೆಯಿತ್ತಾ? ರೇಟು ನೋಡಿ ನಂಬಿಕೆ ಅಳೆಯುವವರನ್ನು ತೋಟಕ್ಕೂ ಸಭೆಗೂ ಸೇರಿಸಬೇಡಿ.

ಅಮ್ಮನ ಆಪರೇಷನ್ ಮಾಡಿಸಿ. ತಂದೆತಾಯಿಗೆ ಸಲ್ಲಬೇಕಾದದ್ದನ್ನು 'ಕೊರ್ಬಾನ್', ಅಂದರೆ ದೇವರಿಗೆ ಅರ್ಪಿತ ಅಂತ ಹೇಳಿ ತಪ್ಪಿಸಿಕೊಂಡವರನ್ನು ಯೇಸು ಮಾರ್ಕ 7ರಲ್ಲಿ ಗದರಿದ್ದಾರೆ.

ನನ್ನ ಸಲಹೆ ಬಿಗಿ ಅನ್ನಿಸಬಹುದು. ಅದಕ್ಕೆ ಕಾರಣ ಇದೆ. ನಾನು ಸಭಾಪಾಲಕನಾಗಿದ್ದಾಗ ಒಬ್ಬ ತಾಯಿ ಸುಗ್ಗಿ ಹಬ್ಬಕ್ಕೆ ದೊಡ್ಡ ಕಾಣಿಕೆ ತಂದರು. ನಾನು ಖುಷಿಯಿಂದ ತೆಗೆದುಕೊಂಡೆ. ಓಲೆ ಅಡವಿಟ್ಟು ತಂದದ್ದು ಅಂತ ಆಮೇಲೆ ತಿಳಿಯಿತು. ಅಂದಿನಿಂದ ದೊಡ್ಡ ಮೊತ್ತ ಬಂದರೆ ಮನೆ ಕಷ್ಟ ಸುಖ ಕೇಳದೆ ರಸೀದಿ ಬರೆದಿಲ್ಲ.

ಹಾಗಂತ ಕೊಡಬೇಡಿ ಅನ್ನುತ್ತಿಲ್ಲ. ಬಾಕಿ ತೀರಿಸಿ ಉಳಿದದ್ದರಲ್ಲಿ ಮನಸಾರೆ ಕೊಡಿ, ಹತ್ತನೇ ಪಾಲಿಗಿಂತ ಜಾಸ್ತಿ ಕೊಡಿ, ನನಗೆ ಸಂತೋಷ. ಆದರೆ ಹತ್ತನೇ ಪಾಲು ಕೊಟ್ಟ ಮೇಲೆ ಉಳಿದ ಒಂಬತ್ತು ಪಾಲೂ ಕರ್ತರದ್ದೇ. ಮುಂದಿನ ಬೆಳೆಗೆ ಕೂಲಿಯನ್ನು ಅದೇ ದಿನ ಸಂಜೆ ಕೊಡಿ, ಯಾಜಕಕಾಂಡ 19:13ರ ಪ್ರಕಾರ. ಈ ಸಲ ಸೋತ ಪಕ್ಕದ ತೋಟದವರಿಗೆ ನಾರಿಗೆ ದುಡ್ಡು ಕೊಡಿ, ಬಡ್ಡಿ ಕೇಳಬೇಡಿ. ನಿಮ್ಮ ಗೆಲುವನ್ನು ದೇವರಿಗೆ ಅರ್ಪಿಸುವುದು ಅಂದರೆ ನನಗೆ ಗೊತ್ತಿರುವುದು ಇದೇ.

ಪ್ರಶ್ನೆ: ಮಗನಿಗೆ ಸರ್ಕಾರಿ ಕೆಲಸ ಸಿಕ್ಕಿದೆ. ಮೊದಲ ಸಂಬಳ ಪೂರ್ತಿ ಸಭೆಗೆ ಅಂತ ನಾನು ಹರಕೆ ಹೊತ್ತಿದ್ದೆ. ಅವನು ಒಪ್ಪುತ್ತಿಲ್ಲ.

ಉತ್ತರ: ಸಂಬಳ ಅವನದ್ದಮ್ಮ. ನಿಮ್ಮ ಕೈಲಾದಷ್ಟು ನಿಮ್ಮದರಿಂದ ಕೊಡಿ, ಅವನನ್ನು ಬಲವಂತ ಮಾಡಬೇಡಿ.

ಪ್ರಶ್ನೆ: ಚರ್ಚಿಗೆ ಕೊಟ್ಟ ಫ್ಯಾನ್ ಮೇಲೆ ಹೆಸರು ಬರೆಸಬಹುದಾ?

ಉತ್ತರ: ಬೇಡ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅನ್ನುತ್ತದೆ ಮತ್ತಾಯ 6:3.

ಪ್ರಶ್ನೆ: ವ್ಯಾಪಾರ ವೃದ್ಧಿಗೆ ಅಭಿಷೇಕದ ಎಣ್ಣೆ ಬಾಟಲಿ 500 ರೂಪಾಯಿಗೆ ಮಾರುತ್ತಿದ್ದಾರೆ. ಕೊಳ್ಳಬಹುದಾ?

ಉತ್ತರ: ಕೊಳ್ಳಬೇಡಿ. ದೇವರ ವರವನ್ನು ಹಣ ಕೊಟ್ಟು ಪಡೆಯಲು ಬಂದ ಸೀಮೋನನಿಗೆ ಪೇತ್ರ 'ನಿನ್ನ ಹಣ ನಿನ್ನೊಂದಿಗೇ ಹಾಳಾಗಲಿ' ಅಂತ ಹೇಳಿದ್ದು ಅಪೊಸ್ತಲರ ಕೃತ್ಯಗಳು 8:20ರಲ್ಲಿದೆ. ಮಾರುವವರಿಗೆ ಅದನ್ನೇ ಓದಿ ಹೇಳಿ.